ವಿಮಾನದ ತಗಡಿನೊಳಗೆ ಮೊಬೈಲ್ ರೇಂಜ್: ಕುಕ್ಕರಿನಿಂದ ಕಿಟಕಿಯವರೆಗೆ ನೀವೇ ಪರೀಕ್ಷಿಸಿ ನೋಡುವ ಬಗೆ

ಕುಂಬಳೆ, ಬದಿಯಡ್ಕ, ಮಂಜೇಶ್ವರದ ಕಡೆ ಗಲ್ಫಿನಲ್ಲಿ ದುಡಿಯುವವರು ಒಬ್ಬರೂ ಇಲ್ಲದ ಬೈಲು ಸಿಗುವುದು ಕಷ್ಟ. ನೆರೆಮನೆಯ ಅಕ್ಕನ ಮಗ ರಜೆ ಮುಗಿಸಿ ಮಂಗಳೂರಿನ ಬಜಪೆ ವಿಮಾನ ನಿಲ್ದಾಣದಿಂದ ದುಬಾಯಿಗೆ ಹೊರಟ ದಿನ ಅವರು ನಮ್ಮ ಅಂಗಳಕ್ಕೆ ಬಂದು, ಕೈಯಲ್ಲಿದ್ದ ಫೋನನ್ನು ನನ್ನ ಕಡೆ ಚಾಚಿ ಕೇಳಿದರು: "ಮಾಷ್ಟ್ರೇ, ಸೀಟಿನಲ್ಲಿ ಕೂತಿದ್ದೇನೆ ಅಂತ ಈಗಷ್ಟೇ ಮಾತಾಡಿದ. ಹತ್ತು ನಿಮಿಷ ಕಳೆದು ಮಾಡಿದರೆ ಸ್ವಿಚ್ ಆಫ್ ಅಂತ ಬರುತ್ತದೆ. ವಿಮಾನದ ತಗಡು ರೇಂಜ್ ತಡೆಯುತ್ತದಾ?" ನಾನು ಮೂವತ್ತು ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟವನು. ಆದರೂ ಅಂದು ಅವರಿಗೆ ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಅವರ ಪ್ರಶ್ನೆಯಲ್ಲಿಯೇ ಒಂದು ಸುಳಿವು ಇತ್ತು: ಮಗ ಮಾತನಾಡಿದ್ದು ಅದೇ ತಗಡಿನ ಒಳಗೆ ಕುಳಿತು.

ಲೋಹದ ಹಾಳೆ ರೇಡಿಯೋ ಅಲೆಯನ್ನು ತಡೆಯುತ್ತದೆ ಎಂಬ ಮಾತು ಸತ್ಯ. ವಿಮಾನದ ಒಳಗೆ ಫೋನ್ ಕೆಲಸ ಮಾಡುತ್ತದೆ ಎಂಬ ಮಾತೂ ಅಷ್ಟೇ ಸತ್ಯ. ಇವೆರಡೂ ಹೇಗೆ ಹೊಂದಿಕೊಳ್ಳುತ್ತವೆ ಎಂಬುದನ್ನು ಮನೆಯ ಪಾತ್ರೆಗಳಿಂದ ಆರಂಭಿಸಿ ವಿಮಾನದ ಸೀಟಿನವರೆಗೆ ಹಂತ ಹಂತವಾಗಿ ಪರೀಕ್ಷಿಸಿ ತಿಳಿದುಕೊಳ್ಳಬಹುದು. ಅದಕ್ಕೆ ಬೇಕಾಗುವುದು ಎರಡು ಫೋನುಗಳು, ಒಂದು ಕುಕ್ಕರ್, ಸ್ವಲ್ಪ ಅಲ್ಯೂಮಿನಿಯಂ ಫಾಯಿಲ್ ಮತ್ತು ಬರೆದುಕೊಳ್ಳಲು ಒಂದು ಕಾಗದ.

ಮೊದಲು ಅಡುಗೆಮನೆಯಲ್ಲಿ

ಪರೀಕ್ಷೆಗೆ ಇಡುವ ಫೋನಿನ ವೈಫೈ ಮತ್ತು ಬ್ಲೂಟೂತ್ ಆರಿಸಿ, ಮೊಬೈಲ್ ನೆಟ್‌ವರ್ಕ್ ಮಾತ್ರ ಉಳಿಸಿಕೊಳ್ಳಿ. ಈಗಿನ ಫೋನುಗಳಲ್ಲಿ ಮನೆಯ ವೈಫೈ ಮೂಲಕವೂ ಕರೆ ಬರುವುದರಿಂದ ಇದನ್ನು ಮರೆತರೆ ಫಲಿತಾಂಶ ಕೆಡುತ್ತದೆ. ರಿಂಗಿನ ಸದ್ದನ್ನು ಪೂರ್ತಿ ಏರಿಸಿ, ಒಣಗಿದ ಖಾಲಿ ಕುಕ್ಕರಿನಲ್ಲಿ ಫೋನನ್ನು ಇಟ್ಟು, ಗ್ಯಾಸ್ಕೆಟ್ ಸಮೇತ ಮುಚ್ಚಳ ಬಿಗಿದು, ಇನ್ನೊಂದು ಫೋನಿನಿಂದ ಕರೆ ಮಾಡಿ. ಟವರ್ ಹತ್ತಿರವಿದ್ದು ರೇಂಜ್ ಚೆನ್ನಾಗಿರುವ ಮನೆಯಲ್ಲಿ ಹೆಚ್ಚಿನ ಸಲ ಅದು ಕುಕ್ಕರಿನ ಒಳಗಿನಿಂದಲೇ ರಿಂಗಾಗುತ್ತದೆ. ಸುತ್ತಲೂ ಎರಡು ಮೂರು ಮಿಲಿಮೀಟರ್ ದಪ್ಪದ ಲೋಹವಿದ್ದರೂ ಅಲೆ ಒಳಗೆ ಹೋಗಿದೆ.

ಈಗ ಅದೇ ಫೋನನ್ನು ಅಡುಗೆಯ ಅಲ್ಯೂಮಿನಿಯಂ ಫಾಯಿಲಿನಲ್ಲಿ ಎರಡು ಸುತ್ತು ಸುತ್ತಿ, ಅಂಚುಗಳನ್ನು ಒಂದರ ಮೇಲೊಂದು ಬರುವಂತೆ ಮಡಚಿ ಒತ್ತಿ, ಎಲ್ಲಿಯೂ ಬಿರುಕು ಉಳಿಯದ ಹಾಗೆ ನೋಡಿಕೊಳ್ಳಿ. ಕರೆ ಮಾಡಿದರೆ ಕೆಲವು ಸೆಕೆಂಡು ಮೌನವಿದ್ದು, ಬಳಿಕ ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬ ಧ್ವನಿ ಕೇಳಿಸುತ್ತದೆ. ಫಾಯಿಲಿನ ದಪ್ಪ ಕೂದಲೆಳೆಯ ದಪ್ಪಕ್ಕಿಂತಲೂ ಕಡಿಮೆ. ದಪ್ಪ ಕುಕ್ಕರ್ ಸೋತಲ್ಲಿ ತೆಳು ಹಾಳೆ ಗೆದ್ದಿತೆಂದರೆ ವಿಷಯ ದಪ್ಪದ್ದಲ್ಲ, ಬಿರುಕಿನದ್ದು. ಕುಕ್ಕರಿನ ಮುಚ್ಚಳಕ್ಕೂ ಪಾತ್ರೆಗೂ ನಡುವೆ ಕುಳಿತಿರುವ ರಬ್ಬರ್ ಗ್ಯಾಸ್ಕೆಟ್ ಹಬೆಯನ್ನು ತಡೆಯುತ್ತದೆ, ಆದರೆ ರೇಡಿಯೋ ಅಲೆಗೆ ಅದು ಸುತ್ತಲೂ ತೆರೆದಿಟ್ಟ ಒಂದು ಉದ್ದನೆಯ ಸೀಳು. ಫ್ರಿಜ್ಜಿನ ಬಾಗಿಲಿಗೂ ಇದೇ ಮಾತು ಸಲ್ಲುತ್ತದೆ. (ಫೋನನ್ನು ಫಾಯಿಲಿನಲ್ಲಿ ಬಹಳ ಹೊತ್ತು ಬಿಡಬೇಡಿ, ಟವರನ್ನು ಹುಡುಕಿ ಹುಡುಕಿ ಅದು ಬಿಸಿಯಾಗುತ್ತದೆ. ಮೈಕ್ರೋವೇವ್ ಒಲೆಯಲ್ಲಿ ಇಟ್ಟು ನೋಡುವ ಆಸೆಯನ್ನು ಬಿಟ್ಟುಬಿಡಿ. ಯಾರಾದರೂ ತಿಳಿಯದೆ ಗುಂಡಿ ಒತ್ತಿದರೆ ಫೋನಿನ ಬ್ಯಾಟರಿ ಹೊತ್ತಿಕೊಳ್ಳಬಹುದು.)

ಕಿಟಕಿಯ ಅಳತೆ, ಅಲೆಯ ಅಳತೆ

ಸುತ್ತಲೂ ಲೋಹವಿರುವ ಕೋಣೆಯೊಳಗೆ ಹೊರಗಿನ ವಿದ್ಯುತ್ ಪ್ರಭಾವ ತಲುಪುವುದಿಲ್ಲ ಎಂಬುದನ್ನು ವಿಜ್ಞಾನಿ ಮೈಕೆಲ್ ಫ್ಯಾರಡೆ 1836ರಲ್ಲಿಯೇ ತೋರಿಸಿದ್ದರು. ಇಂತಹ ಲೋಹದ ಕೋಣೆಗೆ ಫ್ಯಾರಡೆಯ ಪಂಜರ ಎಂದೇ ಹೆಸರು. ಅಲೆ ಲೋಹಕ್ಕೆ ಬಡಿದಾಗ ಅದರೊಳಗಿನ ಎಲೆಕ್ಟ್ರಾನುಗಳು ಅಲುಗಿ, ಬಂದ ಅಲೆಯನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಹಿಂದಕ್ಕೆ ಕಳುಹಿಸುತ್ತವೆ. ಒಳಕ್ಕೆ ನುಸುಳುವ ಅಲ್ಪಭಾಗವೂ ಬೇಗನೆ ಕ್ಷೀಣಿಸುತ್ತದೆ. 900 ಮೆಗಾಹರ್ಟ್ಸ್ ಅಲೆ ಅಲ್ಯೂಮಿನಿಯಂ ಒಳಗೆ ಮೂರು ನಾಲ್ಕು ಮೈಕ್ರೋಮೀಟರ್ ಸಾಗುವಷ್ಟರಲ್ಲಿ ತನ್ನ ಬಲದ ಮೂರರಲ್ಲಿ ಎರಡು ಪಾಲಿನಷ್ಟನ್ನು ಕಳೆದುಕೊಳ್ಳುತ್ತದೆ. ಬೋಯಿಂಗ್ 737ರಂತಹ ವಿಮಾನದ ಹೊರಮೈಯ ಹಾಳೆ ಒಂದು ಮಿಲಿಮೀಟರಿನ ಆಸುಪಾಸು, ಅಂದರೆ ಇಂತಹ ಸುಮಾರು 250 ಪದರಗಳಷ್ಟು ದಪ್ಪ. ಹಾಳೆಯನ್ನು ತೂರಿಕೊಂಡು ಏನೂ ಬರಲಾರದು. ಅಲೆ ಒಳಗೆ ಬರುವುದಾದರೆ ಕಿಟಕಿಯಿಂದಲೇ ಬರಬೇಕು.

ಆ ವಿಮಾನದ ಕಿಟಕಿಗಳು ಸುಮಾರು 25 ಸೆಂಟಿಮೀಟರ್ ಅಗಲ, 35 ಸೆಂಟಿಮೀಟರ್ ಎತ್ತರ ಇದ್ದು, ಅರ್ಧ ಮೀಟರಿಗೆ ಒಂದರಂತೆ ಎರಡೂ ಬದಿಯಲ್ಲಿ ಸಾಲಾಗಿ ಇರುತ್ತವೆ. ಅವಕ್ಕೆ ಹಾಕಿರುವುದು ಅಕ್ರಿಲಿಕ್. ರೇಡಿಯೋ ಅಲೆಗೆ ಅದು ಇದ್ದೂ ಇಲ್ಲದಂತೆ. ತೂತಿನ ಉದ್ದ ಅಲೆಯ ಉದ್ದದ ಅರ್ಧಕ್ಕಿಂತ ಹೆಚ್ಚಾದರೆ ಅಲೆ ಅದರ ಮೂಲಕ ಸರಾಗವಾಗಿ ದಾಟುತ್ತದೆ, ಅದಕ್ಕಿಂತ ಬಹಳ ಚಿಕ್ಕದಾದರೆ ತೂತು ಮುಚ್ಚಿದಂತೆಯೇ ಎಂಬುದು ನೆನಪಿಡಬೇಕಾದ ನಿಯಮ. ಅಲೆಯ ಉದ್ದವನ್ನು ನೀವೇ ಲೆಕ್ಕ ಹಾಕಬಹುದು: 30,000ವನ್ನು ಮೆಗಾಹರ್ಟ್ಸಿನ ಸಂಖ್ಯೆಯಿಂದ ಭಾಗಿಸಿದರೆ ಉದ್ದ ಸೆಂಟಿಮೀಟರಿನಲ್ಲಿ ಸಿಗುತ್ತದೆ. 700ಕ್ಕೆ ಸುಮಾರು 43, 900ಕ್ಕೆ 33, 1800ಕ್ಕೆ 17, 2300ಕ್ಕೆ 13, 5ಜಿ ಬಳಸುವ 3500ಕ್ಕೆ ಒಂಬತ್ತಕ್ಕಿಂತ ಕಡಿಮೆ. ಇವುಗಳಲ್ಲಿ ಅತಿ ಉದ್ದದ್ದರ ಅರ್ಧವೂ 22 ಸೆಂಟಿಮೀಟರಿಗೆ ಮೀರುವುದಿಲ್ಲ. ಮೊಬೈಲ್ ಅಲೆಗಳ ಮಟ್ಟಿಗೆ ಆ ಕಿಟಕಿಗಳೆಲ್ಲ ತೆರೆದ ಬಾಗಿಲುಗಳು.

ಇದೇ ನಿಯಮದ ಇನ್ನೊಂದು ಮುಖವನ್ನು ನಾನು ಕಂಡುಕೊಂಡದ್ದು ಹಳೆಯ ಕಾಲದ ಬಸ್ಸಿನಲ್ಲಿ. ಜೇಬಿನ ಟ್ರಾನ್ಸಿಸ್ಟರಿನಲ್ಲಿ 1089 ಕಿಲೋಹರ್ಟ್ಸಿನ ಮಂಗಳೂರು ಆಕಾಶವಾಣಿ ಕೇಳುತ್ತಾ ಬಸ್ ಹತ್ತಿದರೆ, ಮೆಟ್ಟಿಲು ದಾಟಿದ ಕೂಡಲೇ ಪ್ರದೇಶ ಸಮಾಚಾರ ಕ್ಷೀಣವಾಗಿ ಗೊರಗೊರ ಸದ್ದಾಗುತ್ತಿತ್ತು. ಕಿಟಕಿಯ ಹೊರಗೆ ಚಾಚಿದರೆ ಮತ್ತೆ ಸ್ಪಷ್ಟವಾಗುತ್ತಿತ್ತು. ಆ ಅಲೆಯ ಉದ್ದ 275 ಮೀಟರ್. ಬಸ್ಸಿನ ದೊಡ್ಡ ಕಿಟಕಿಯೂ ಅದರ ಪಾಲಿಗೆ ಸೂಜಿಯ ಕಣ್ಣು. ಅದೇ ಬಸ್ಸಿನಲ್ಲಿ ಇಂದು ಮೊಬೈಲ್ ಯಾವ ತಕರಾರೂ ಇಲ್ಲದೆ ನಡೆಯುತ್ತದೆ. ಲೋಹದ ಪೆಟ್ಟಿಗೆ ಒಂದೇ, ಅಲೆ ಬದಲಾದಾಗ ಫಲ ಬದಲಾಗುತ್ತದೆ.

ಇಂಗಾಲದ ನಾರಿನ ಹೊಸ ವಿಮಾನಗಳು ಪ್ಲಾಸ್ಟಿಕ್ಕಿನವು, ಆದ್ದರಿಂದ ಅಲೆ ಅವುಗಳ ಮೈಯ ಮೂಲಕವೇ ಹಾದುಹೋಗುತ್ತದೆ ಎಂಬ ನಂಬಿಕೆಯೂ ಇದೆ. ಬೋಯಿಂಗ್ 787ರ ತೂಕದಲ್ಲಿ ಸುಮಾರು ಅರ್ಧದಷ್ಟು ಇಂತಹ ಸಂಯುಕ್ತ ವಸ್ತು ಇರುವುದು ನಿಜ. ಆದರೆ ಇಂಗಾಲದ ನಾರು ಸ್ವತಃ ವಿದ್ಯುದ್ವಾಹಕ. ಅದರ ಮೇಲೆ ಸಿಡಿಲಿನಿಂದ ರಕ್ಷಿಸಲು ಲೋಹದ ಸೂಕ್ಷ್ಮ ಜಾಲರಿಯನ್ನೂ ಕೂರಿಸಿರುತ್ತಾರೆ. ಅಲ್ಲಿಯೂ ಅಲೆಯ ದಾರಿ ಕಿಟಕಿಯೇ, ಮತ್ತು ಆ ವಿಮಾನದ ಕಿಟಕಿಗಳು ಇನ್ನೂ ದೊಡ್ಡವು.

ಕಡ್ಡಿಗಳನ್ನು ಬಿಟ್ಟು ಅಂಕಿಯನ್ನು ನೋಡಿ

ಫೋನಿನ ಮೇಲ್ತುದಿಯಲ್ಲಿ ಕಾಣುವ ಕಡ್ಡಿಗಳನ್ನು ನಂಬಿ ಪರೀಕ್ಷೆ ಮಾಡಲಾಗದು, ಏಕೆಂದರೆ ಯಾವ ಬಲಕ್ಕೆ ಎಷ್ಟು ಕಡ್ಡಿ ಎಂಬುದನ್ನು ಪ್ರತಿ ಫೋನ್ ತಯಾರಕರು ತಮಗೆ ಬೇಕಾದಂತೆ ಇಟ್ಟುಕೊಂಡಿರುತ್ತಾರೆ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್ ತೆರೆದು, ಫೋನಿನ ಕುರಿತಾದ ಭಾಗಕ್ಕೆ ಹೋಗಿ, ಸಿಮ್ ಸ್ಥಿತಿಯನ್ನು ಒತ್ತಿದರೆ ಸಂಕೇತದ ಬಲ ಡಿಬಿಎಂ (dBm) ಎಂಬ ಅಳತೆಯ ಲೆಕ್ಕದಲ್ಲಿ ಕಾಣಿಸುತ್ತದೆ. ಐಫೋನಿನಲ್ಲಿ *3001#12345#* ಎಂದು ಒತ್ತಿ ಕರೆಯ ಗುಂಡಿ ಒತ್ತಿದರೆ ಅಂತಹುದೇ ಪುಟ ತೆರೆಯುತ್ತದೆ.

ಅಲ್ಲಿನ ಸಂಖ್ಯೆ ಋಣ ಚಿಹ್ನೆಯೊಂದಿಗೆ ಇರುತ್ತದೆ. ಸೊನ್ನೆಯಿಂದ ದೂರವಾದಷ್ಟೂ ಸಂಕೇತ ದುರ್ಬಲ. ಹತ್ತು ಅಂಕ ಇಳಿದರೆ ಬಲ ಹತ್ತನೇ ಒಂದಕ್ಕೆ ಇಳಿಯುತ್ತದೆ, ಇಪ್ಪತ್ತಕ್ಕೆ ನೂರನೇ ಒಂದು, ಮೂವತ್ತಕ್ಕೆ ಸಾವಿರದಲ್ಲಿ ಒಂದು. 4ಜಿ ಫೋನು -80ರಲ್ಲಿ ಚೆನ್ನಾಗಿ ನಡೆಯುತ್ತದೆ, -110ರಲ್ಲಿಯೂ ಹೇಗೋ ಕರೆಯನ್ನು ಹಿಡಿದುಕೊಳ್ಳುತ್ತದೆ. ಸಂಕೇತದ ಸಾವಿರದಲ್ಲಿ 999 ಪಾಲನ್ನು ಲೋಹ ತಡೆದರೂ ಉಳಿದ ಒಂದು ಪಾಲು ಸಾಕಾಗಬಹುದು ಎಂಬುದು ಇದರ ಅರ್ಥ. ತಡೆಯುತ್ತದೆಯೇ ಇಲ್ಲವೇ ಎಂದು ಕೇಳುವುದಕ್ಕಿಂತ ಎಷ್ಟು ತಡೆಯುತ್ತದೆ, ಮೊದಲು ಎಷ್ಟಿತ್ತು ಎಂದು ಕೇಳಬೇಕು.

ಮನೆಯಲ್ಲಿಯೇ ಒಮ್ಮೆ ಅಭ್ಯಾಸ ಮಾಡಿಕೊಳ್ಳಿ. ನಮ್ಮ ಕಡೆ ತಾರಸಿಯ ಮೇಲೆ ಅಡಿಕೆ ಒಣಗಿಸಲೆಂದೋ ಮಳೆ ತಡೆಯಲೆಂದೋ ತಗಡಿನ ಶೀಟು ಹಾಕಿದ ಮನೆಗಳು ಬಹಳ. ಆ ಶೀಟಿನ ಅಡಿಯಲ್ಲಿ, ಬಳಿಕ ಅಂಗಳದಲ್ಲಿ, ಆಮೇಲೆ ಮುರಕಲ್ಲಿನ ಗೋಡೆಯ ಒಳಕೋಣೆಯಲ್ಲಿ ಅಂಕಿಯನ್ನು ಬರೆದುಕೊಳ್ಳಿ. ತಲೆಯ ಮೇಲೆ ಅಷ್ಟು ದೊಡ್ಡ ಲೋಹವಿದ್ದರೂ ತಾರಸಿಯಲ್ಲಿ ಸಂಕೇತ ಒಳಕೋಣೆಗಿಂತ ಚೆನ್ನಾಗಿರುವುದನ್ನು ಸಾಮಾನ್ಯವಾಗಿ ಕಾಣುವಿರಿ, ಏಕೆಂದರೆ ಟವರಿನ ಅಲೆ ಬರುವುದು ಆಕಾಶದಿಂದಲ್ಲ, ಬದಿಯಿಂದ. ಒಂದೇ ಜಾಗದಲ್ಲಿ ಫೋನನ್ನು ಗೇಣು ದೂರ ಸರಿಸಿದರೂ ಅಂಕಿ ಐದಾರು ಬದಲಾಗಬಹುದು. ಗೋಡೆಗಳಿಗೆ ಬಡಿದು ಬಂದ ಅಲೆಗಳು ಒಂದನ್ನೊಂದು ಕೂಡಿಕೊಳ್ಳುವುದು, ಕಳೆಯುವುದು ಇದಕ್ಕೆ ಕಾರಣ. ಆದ್ದರಿಂದ ಪ್ರತಿ ಜಾಗದಲ್ಲಿ ನಾಲ್ಕೈದು ಸಲ ನೋಡಿ, ನಡುವಿನ ಅಂಕಿಯನ್ನು ತೆಗೆದುಕೊಳ್ಳಬೇಕು.

ವಿಮಾನ ನಿಂತಿರುವಾಗ

ಮಂಗಳೂರು ವಿಮಾನ ನಿಲ್ದಾಣದಲ್ಲಿಯೋ ಮಟ್ಟನ್ನೂರಿನ ಕಣ್ಣೂರು ನಿಲ್ದಾಣದಲ್ಲಿಯೋ ವಿಮಾನ ಏರುವ ಮುನ್ನ, ಹೊರಗೆ ಕಾಯುವಲ್ಲಿ, ಕಿಟಕಿಯ ಹತ್ತಿರ ನಿಂತು ಮೊದಲ ಅಂಕಿಯನ್ನು ಬರೆದುಕೊಳ್ಳಿ. ಮೆಟ್ಟಿಲಿನಿಂದ ಹತ್ತುವ ವಿಮಾನವಾದರೆ ಅದರ ಬೆನ್ನನ್ನೂ ಹೊಟ್ಟೆಯನ್ನೂ ಒಮ್ಮೆ ಗಮನಿಸಿ. ಮೀನಿನ ರೆಕ್ಕೆಯಂತೆ ಚಾಚಿಕೊಂಡ ಸಣ್ಣ ತಗಡುಗಳು ಕಾಣುತ್ತವೆ. ಅವು ಪೈಲಟರು ನಿಲ್ದಾಣದೊಂದಿಗೆ ಮಾತನಾಡುವ ರೇಡಿಯೋ ಮುಂತಾದವುಗಳ ಆಂಟೆನಾಗಳು. ಮೂಗಿನ ತುದಿಯಲ್ಲಿ ಹವಾಮಾನದ ರೇಡಾರ್ ಇದ್ದು, ಅದನ್ನು ಮುಚ್ಚಿರುವ ಟೊಪ್ಪಿ ಮಾತ್ರ ಲೋಹದ್ದಲ್ಲ. ಲೋಹದ ಮೈ ಅಲೆಯನ್ನು ತಡೆಯುತ್ತದೆ ಎಂಬುದಕ್ಕೆ ವಿಮಾನ ಕಟ್ಟಿದವರೇ ಕೊಟ್ಟ ಸಾಕ್ಷಿ ಇದು: ಆಂಟೆನಾವನ್ನು ಒಳಗಿಡುವಂತಿದ್ದರೆ ಗಾಳಿಗೆ ಅಡ್ಡವಾಗಿ ಹೊರಗಿಡುತ್ತಿರಲಿಲ್ಲ.

ಸೀಟಿನಲ್ಲಿ ಕುಳಿತ ಬಳಿಕ, ಸಿಬ್ಬಂದಿಯ ಘೋಷಣೆ ಬರುವ ಮೊದಲು, ಫೋನನ್ನು ಕಿಟಕಿಗೆ ಒರಗಿಸಿ ಒಂದು ಅಂಕಿ, ಮಡಿಲಲ್ಲಿಟ್ಟು ಒಂದು, ನಡುಹಾದಿಯ ಕಡೆಯ ಸೀಟಿನಲ್ಲಿ ಒಂದು ತೆಗೆದುಕೊಳ್ಳಿ. ಹೊರಗೆ -80 ಇದ್ದದ್ದು ಕಿಟಕಿಯಲ್ಲಿ -86, ನಡುಹಾದಿಯಲ್ಲಿ -95 ಆಯಿತೆಂದು ಇಟ್ಟುಕೊಳ್ಳೋಣ. ಹದಿನೈದು ಅಂಕದ ಇಳಿಕೆಯೆಂದರೆ ಮೂವತ್ತರಲ್ಲಿ ಒಂದು ಪಾಲಿನಷ್ಟೇ ಉಳಿದಿದೆ, ಆದರೂ ಕರೆಗೆ ಅದು ಧಾರಾಳ ಸಾಕು. ಟವರ್ ವಿಮಾನದ ಬಲಕ್ಕಿದ್ದರೆ ಬಲಬದಿಯ ಕಿಟಕಿಗಳಲ್ಲಿ ಹೆಚ್ಚು, ಎಡಬದಿಯಲ್ಲಿ ಕಡಿಮೆ ಬರುವುದನ್ನೂ ಕಾಣಬಹುದು. ಜನ ತುಂಬಿದಂತೆ ಒಳಗಿನ ಅಂಕಿ ಇನ್ನಷ್ಟು ಇಳಿಯುತ್ತದೆ. ನೀರಿನ ಅಂಶ ಹೆಚ್ಚಿರುವ ನಮ್ಮ ದೇಹಗಳೂ ಅಲೆಯನ್ನು ಹೀರುತ್ತವೆ. ಫೋನು ನಡುವೆ ಬೇರೆ ಟವರಿಗೋ ಬೇರೆ ಬ್ಯಾಂಡಿಗೋ (ಅಂದರೆ ಬೇರೆ ಮೆಗಾಹರ್ಟ್ಸಿನ ಅಲೆಗೋ) ಹಾರಿದರೆ ಹೋಲಿಕೆ ತಪ್ಪುತ್ತದೆ. ಇದು ತಲಪಾಡಿಯ ಗಡಿಯಲ್ಲಿರುವ ನಮಗೆ ಹೊಸತಲ್ಲ. ಕೂತಲ್ಲೇ ಕರ್ನಾಟಕದ ಟವರಿನಿಂದ ಕೇರಳದ ಟವರಿಗೆ ಬದಲಾಗುವ ಫೋನನ್ನು ದಿನವೂ ನೋಡುತ್ತೇವೆ. ಬ್ಯಾಂಡಿನ ಸಂಖ್ಯೆ ತೋರಿಸುವ ಆ್ಯಪ್ ಇದ್ದರೆ ಅದನ್ನೂ ಬರೆದುಕೊಳ್ಳುವುದು ಒಳ್ಳೆಯದು. ಘೋಷಣೆ ಬಂದ ಕೂಡಲೇ ಫ್ಲೈಟ್ ಮೋಡ್ ಹಾಕಿ ಪರೀಕ್ಷೆಯನ್ನು ಅಲ್ಲಿಗೆ ನಿಲ್ಲಿಸಬೇಕು.

ಹಾರುವಾಗ ಮಾಡಬಹುದಾದ ಒಂದು ಪರೀಕ್ಷೆ

ಹಾರಾಟದಲ್ಲಿ ಮೊಬೈಲ್ ನೆಟ್‌ವರ್ಕ್ ಆನ್ ಮಾಡಿ ನೋಡಬಾರದು. ಆದರೆ ಜಿಪಿಎಸ್ ಬರೀ ಕೇಳಿಸಿಕೊಳ್ಳುವ ಸಾಧನ, ಅದು ಏನನ್ನೂ ಕಳುಹಿಸುವುದಿಲ್ಲ. ಹೆಚ್ಚಿನ ಫೋನುಗಳಲ್ಲಿ ಫ್ಲೈಟ್ ಮೋಡಿನಲ್ಲಿಯೂ ಅದು ನಡೆಯುತ್ತದೆ. ಅದರ ಅಲೆ 1575 ಮೆಗಾಹರ್ಟ್ಸ್, ಉದ್ದ 19 ಸೆಂಟಿಮೀಟರ್, ಅಂದರೆ ಮೊಬೈಲ್ ಅಲೆಗಳ ನಡುವೆಯೇ ಬರುವಂಥದ್ದು. 20,000 ಕಿಲೋಮೀಟರ್ ಎತ್ತರದ ಉಪಗ್ರಹದಿಂದ ಬರುವ ಈ ಸಂಕೇತ ಬಹಳ ದುರ್ಬಲವಾದ್ದರಿಂದ ಲೋಹದ ಪ್ರಭಾವ ಇದರಲ್ಲಿ ಎದ್ದು ಕಾಣುತ್ತದೆ. ಹೊರಡುವ ಮೊದಲೇ ನಿಮ್ಮ ದಾರಿಯ ನಕ್ಷೆಯನ್ನು ಫೋನಿಗೆ ಇಳಿಸಿಕೊಂಡಿರಿ. ಸಿಬ್ಬಂದಿಯ ಅಡ್ಡಿಯಿಲ್ಲದಿದ್ದರೆ, ವಿಮಾನ ಮೇಲೇರಿ ಸಮನಾದ ಬಳಿಕ ನಕ್ಷೆ ತೆರೆದು ಫೋನನ್ನು ಕಿಟಕಿಗೆ ಆನಿಸಿ ಎರಡು ಮೂರು ನಿಮಿಷ ಕಾಯಿರಿ.

ಮುಂಬಯಿಯಿಂದ ಮಂಗಳೂರಿಗೆ ಬರುವಾಗ ಎಡಬದಿಯ ಕಿಟಕಿಯಲ್ಲಿ ನಾನು ಇದನ್ನು ಮಾಡಿದೆ. ಬಹಳ ಹೊತ್ತು ಏನೂ ಇಲ್ಲದ ನಕ್ಷೆಯ ಮೇಲೆ ಒಮ್ಮೆಲೇ ನೀಲಿ ಚುಕ್ಕೆ ಕಾಣಿಸಿಕೊಂಡು ಕರಾವಳಿಯ ಗೆರೆಯ ಗುಂಟ ಜಾರತೊಡಗಿತು. ಚುಕ್ಕೆ ಕಾರವಾರಕ್ಕೆ ಬಂದಾಗ ತಲೆಯೆತ್ತಿ ನೋಡಿದರೆ ಕೆಳಗೆ ಕಾಳಿ ನದಿ ಸಮುದ್ರ ಸೇರುವ ಅಗಲವಾದ ಬಾಯಿ, ಅದರ ಮೇಲೆ ಗೆರೆಯಂತೆ ಸೇತುವೆ. ಫೋನನ್ನು ಕಿಟಕಿಯಿಂದ ತೆಗೆದು ನಡುಹಾದಿಯ ಕಡೆಗೆ ಹಿಡಿದೆ. ಚುಕ್ಕೆಯ ಸುತ್ತ ಮಸುಕಾದ ವೃತ್ತ ದೊಡ್ಡದಾಗುತ್ತಾ ಹೋಗಿ, ಚುಕ್ಕೆ ಅಂಕೋಲೆಯ ಬಳಿ ನಿಂತೇಬಿಟ್ಟಿತು. ವಿಮಾನ ಮುಂದೆ ಹೋಗಿತ್ತು. ಮತ್ತೆ ಕಿಟಕಿಗೆ ಹಿಡಿದಾಗ ಅದು ನೆಗೆದು ಹೊನ್ನಾವರದಲ್ಲಿ ಕಾಣಿಸಿತು. ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಫ್ಯಾರಡೆಯ ಪಂಜರವನ್ನು ಬರೆದು ತೋರಿಸಿದವನಿಗೆ, ಅದರ ಒಳಗೆ ಕುಳಿತು ಅದರ ತೂತನ್ನು ಕೈಯಿಂದ ಮುಟ್ಟಿದ ಅನುಭವ ಅದು.

ಮೇಲೆ ರೇಂಜ್ ಇಲ್ಲದಿರುವುದಕ್ಕೆ ನಿಜವಾದ ಕಾರಣ

ಹಾಗಾದರೆ ಹತ್ತು ಕಿಲೋಮೀಟರ್ ಎತ್ತರದಲ್ಲಿ ಕರೆ ಸಾಗದಿರುವುದು ಏಕೆ? ಟವರಿನ ಆಂಟೆನಾಗಳನ್ನು ನೆಲದ ಮೇಲಿನ ಜನರಿಗಾಗಿ ಕೆಲವು ಡಿಗ್ರಿ ಕೆಳಮುಖವಾಗಿ ಬಾಗಿಸಿ ಕೂರಿಸಿರುತ್ತಾರೆ. ಮೇಲಕ್ಕೆ ಹೋಗುವುದು ಸೋರಿಕೆ ಮಾತ್ರ. ಆದರೂ ನಡುವೆ ಗುಡ್ಡ, ಮರ, ಗೋಡೆ ಯಾವುದೂ ಇಲ್ಲದ ಕಾರಣ ಆ ಸೋರಿಕೆಯೂ ಬಹುದೂರ ಸಾಗುತ್ತದೆ. ಕಾಸರಗೋಡಿನ ನೆತ್ತಿಯ ಮೇಲೆ ಹತ್ತು ಕಿಲೋಮೀಟರ್ ಎತ್ತರದಲ್ಲಿ ಕ್ಷಿತಿಜ ಸುಮಾರು 350 ಕಿಲೋಮೀಟರ್ ದೂರದಲ್ಲಿರುತ್ತದೆ. ಬೆಂಗಳೂರು, ಕೊಚ್ಚಿ ಎರಡೂ ಅದರೊಳಗೆ ಬರುತ್ತವೆ. ಅಷ್ಟು ಪ್ರದೇಶದ ಅಸಂಖ್ಯ ಟವರುಗಳು ಒಟ್ಟಿಗೆ ಕೇಳಿಸುವಾಗ ಫೋನಿಗೆ ಯಾವುದೂ ಸ್ಪಷ್ಟವಾಗಿ ಕೇಳಿಸುವುದಿಲ್ಲ, ಜಾತ್ರೆಯ ನಡುವೆ ನಿಂತವನಿಗೆ ಒಬ್ಬರ ಮಾತೂ ತಿಳಿಯದ ಹಾಗೆ. ಗಂಟೆಗೆ 900 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 250 ಮೀಟರ್. ನಾಲ್ಕು ಕಿಲೋಮೀಟರ್ ಅಗಲದ ಒಂದು ಟವರಿನ ವ್ಯಾಪ್ತಿಯನ್ನು ದಾಟಲು ಹದಿನಾರೇ ಸೆಕೆಂಡು. ಹಳೆಯ 2ಜಿ ವ್ಯವಸ್ಥೆಯಂತೂ 35 ಕಿಲೋಮೀಟರಿಗಿಂತ ದೂರದ ಫೋನಿನೊಂದಿಗೆ ಸಾಮಾನ್ಯವಾಗಿ ವ್ಯವಹರಿಸುವುದೇ ಇಲ್ಲ.

ಲೋಹದ ಮೈ ಕಾರಣವಲ್ಲ ಎಂಬುದಕ್ಕೆ ಬಲವಾದ ಪುರಾವೆ ಯುರೋಪಿನಲ್ಲಿದೆ. ಅಲ್ಲಿ 2008ರಲ್ಲಿ ವಿಮಾನದ ಒಳಗೇ ಪುಟ್ಟ ಟವರ್ ಇಟ್ಟು ಮೊಬೈಲ್ ಬಳಸಲು ಒಪ್ಪಿಗೆ ಕೊಟ್ಟಾಗ, ಪ್ರಯಾಣಿಕರ ಫೋನುಗಳು ನೆಲದ ಟವರುಗಳನ್ನು ಹಿಡಿಯದಂತೆ ಕ್ಯಾಬಿನ್ನಿನಲ್ಲಿ ಬೇಕೆಂದೇ ಸ್ವಲ್ಪ ರೇಡಿಯೋ ಗದ್ದಲ ಎಬ್ಬಿಸುವ ಉಪಕರಣವನ್ನೂ ಇಡಬೇಕಾಯಿತು. ತಗಡೇ ತಡೆಯುವಂತಿದ್ದರೆ ಆ ಖರ್ಚು ಯಾರಿಗೂ ಬೇಕಿರಲಿಲ್ಲ. ನಮ್ಮ ದೇಶದ 2018ರ ನಿಯಮಗಳೂ ಆಕಾಶದಲ್ಲಿ ಮೊಬೈಲ್ ಸೇವೆಗೆ ಕನಿಷ್ಠ 3,000 ಮೀಟರ್ ಎತ್ತರವನ್ನು ನಿಗದಿಪಡಿಸಿದ್ದು ನೆಲದ ಜಾಲಕ್ಕೆ ತೊಂದರೆ ಆಗದಿರಲೆಂದೇ. ಇಳಿಯುವ ವಿಮಾನದಲ್ಲಿ ಚಕ್ರ ನೆಲ ಮುಟ್ಟುವ ಮೊದಲೇ ಯಾರದೋ ಜೇಬಿನಲ್ಲಿ ಸಂದೇಶಗಳು ಟಿಂಗ್ ಟಿಂಗ್ ಎಂದು ಬಂದು ಬೀಳುವುದನ್ನು ನೀವೂ ಕೇಳಿರುತ್ತೀರಿ. ಅವರು ಫ್ಲೈಟ್ ಮೋಡ್ ಹಾಕಿರಲಿಲ್ಲ.

ಹಾಕದಿದ್ದರೆ ಏನಾಗುತ್ತದೆ ಎಂಬಲ್ಲಿ ಮಾತ್ರ ತಗಡಿನ ಪಾತ್ರ ದೊಡ್ಡದು. ಟವರಿನ ದನಿ ಕ್ಷೀಣವಾದಷ್ಟೂ ಫೋನು ತನ್ನ ದನಿಯನ್ನು ಏರಿಸುತ್ತದೆ; 4ಜಿಯಲ್ಲಿ ಸಾಮಾನ್ಯವಾಗಿ 200 ಮಿಲಿವ್ಯಾಟಿನವರೆಗೆ, 900 ಮೆಗಾಹರ್ಟ್ಸಿನ 2ಜಿಯಲ್ಲಿ ಎರಡು ವ್ಯಾಟಿನವರೆಗೆ. ಆ ಬಲದ ಬಹುಪಾಲು ಲೋಹದ ಕೊಳವೆಯೊಳಗೇ ಬಡಿದಾಡುತ್ತದೆ. ಯಕ್ಷಗಾನ ಬಯಲಾಟದಲ್ಲಿ ಮೈಕ್ ಸೆಟ್ಟಿನ ಬಳಿ ಯಾರಿಗಾದರೂ ಕರೆ ಬರುವ ಮುನ್ನ ಸ್ಪೀಕರಿನಲ್ಲಿ ಟರ್ ಟರ್ ಎಂದು ಬರುತ್ತಿದ್ದ ಸದ್ದು ನೆನಪಿದೆಯಲ್ಲ? ಭಾಗವತರ ಪದ್ಯದ ನಡುವೆ ಅದು ಬಂದಾಗ ನಮಗಾಗುತ್ತಿದ್ದ ಕಿರಿಕಿರಿ, ಮಳೆಗಾಲದ ಮೋಡದ ನಡುವೆ ಕೆಂಜಾರಿನ ಗುಡ್ಡದ ಮೇಲಿರುವ ಮಂಗಳೂರು ನಿಲ್ದಾಣದ ರನ್‌ವೇಗೆ ಇಳಿಯುತ್ತಿರುವ ಪೈಲಟರ ಕಿವಿಯಲ್ಲಿ ಬರಬಾರದು. ಆದ್ದರಿಂದ ತಗಡು ಹೇಗೂ ತಡೆಯುತ್ತದೆಂದು ಫೋನನ್ನು ಹಾಗೆಯೇ ಜೇಬಿಗೆ ಹಾಕಿಕೊಳ್ಳುವುದು ತಪ್ಪು ಲೆಕ್ಕ.

ಮನೆಯವರಿಗೆ ಕೇಳಿಸುವ ಧ್ವನಿ

ಫಾಯಿಲಿನ ಪರೀಕ್ಷೆಯಲ್ಲಿ ಕೇಳಿದ ಧ್ವನಿಯನ್ನು ನೆನಪಿಸಿಕೊಳ್ಳಿ. ಫೋನು ಹೇಳದೆ ಕಣ್ಮರೆಯಾದಾಗ ನೆಟ್‌ವರ್ಕ್ ಅದನ್ನು ಕೊನೆಯ ಬಾರಿ ಕಂಡ ಜಾಗದಲ್ಲಿ ಕೂಗಿ ಕರೆಯುತ್ತದೆ, ಉತ್ತರ ಬಾರದಾಗ ವ್ಯಾಪ್ತಿಯ ಹೊರಗಿದ್ದಾರೆ ಎನ್ನುತ್ತದೆ. ಫ್ಲೈಟ್ ಮೋಡ್ ಒತ್ತಿದರೆ ಫೋನು ಹೊರಡುವ ಮುನ್ನ ತಾನು ಹೊರಟೆನೆಂದು ಟವರಿಗೆ ಹೇಳಿಯೇ ಹೋಗುತ್ತದೆ. ಆಮೇಲೆ ಕರೆ ಮಾಡಿದವರಿಗೆ ಸಾಮಾನ್ಯವಾಗಿ ತಡವಿಲ್ಲದೆ ಸ್ವಿಚ್ ಆಫ್ ಎಂದು ಉತ್ತರ ಬರುತ್ತದೆ. ಈ ವ್ಯತ್ಯಾಸವನ್ನು ಕೂಡ ಎರಡು ಫೋನುಗಳಿಂದ ಮನೆಯಲ್ಲಿಯೇ ಪರೀಕ್ಷಿಸಬಹುದು: ಒಮ್ಮೆ ಫಾಯಿಲ್ ಸುತ್ತಿ, ಒಮ್ಮೆ ಫ್ಲೈಟ್ ಮೋಡ್ ಹಾಕಿ.

ಮರುದಿನ ಅಕ್ಕನನ್ನು ಕರೆದು ನಮ್ಮ ಚಾವಡಿಯಲ್ಲಿ ಅವರ ಫೋನಿನಿಂದಲೇ ಈ ಎರಡನ್ನೂ ಮಾಡಿ ಕೇಳಿಸಿದೆ. ಎರಡನೆಯ ಧ್ವನಿ ಕೇಳಿದ ಕೂಡಲೇ ಅವರು, "ನಿನ್ನೆ ನನಗೆ ಬಂದದ್ದು ಇದೇ" ಎಂದರು. ಹಾಗಾದರೆ ಅವನು ಸೀಟಿನಲ್ಲಿ ಕುಳಿತು, ಸಿಬ್ಬಂದಿ ಹೇಳಿದಾಗ ತಾನೇ ಫ್ಲೈಟ್ ಮೋಡ್ ಹಾಕಿದ್ದಾನೆ ಎಂದು ನಾನು ಹೇಳಿದೆ.